ಯಜಮಾನನಿಲ್ಲದ ಬೆಟ್ಟ

ಚೋಪ್ತಾದಲ್ಲಿ ಬೆಳಗಿನ ಜಾವ ಮೂರು ಗಂಟೆಗೇ ಎಬ್ಬಿಸಿಬಿಡುತ್ತಾರೆ. ಸೂರ್ಯೋದಯ ನೋಡಿಸಲಿಕ್ಕೆ ಎಂದು ಪ್ರವಾಸಿಗಳು ತಿಳಿದುಕೊಳ್ಳುತ್ತಾರೆ. ಗೈಡ್‌ಗಳ ಲೆಕ್ಕಾಚಾರವೇ ಬೇರೆ. ಮಾರ್ಚ್ ಮುಗಿದು ಏಪ್ರಿಲ್ ಹುಟ್ಟುವ ಹೊತ್ತಿಗೆ ಗಢವಾಲದ ಈ ಎತ್ತರದಲ್ಲಿ ಹಿಮ ಹಗಲೆಲ್ಲ ಕರಗಿ, ರಾತ್ರಿ ಮತ್ತೆ ಹೆಪ್ಪುಗಟ್ಟುತ್ತದೆ. ನಸುಕಿನಲ್ಲಿ ಅದು ಆಳನ್ನು ಹೊರುತ್ತದೆ, ಮಧ್ಯಾಹ್ನ ಹೊರುವುದಿಲ್ಲ. ಗಟ್ಟಿಯಿರುವಾಗ ಹತ್ತಿ, ಮೆತ್ತಗಾಗುವ ಮೊದಲು ಇಳಿದುಬಿಡಬೇಕು. ಚಳಿಗಾಲದಲ್ಲಿ ಇಷ್ಟು ಅವಸರವಿಲ್ಲ, ಬೇಸಿಗೆಯಲ್ಲಿ ಹಿಮವೇ ಇಲ್ಲ. ವಸಂತದಲ್ಲಿ ಮಾತ್ರ ಬೆಟ್ಟ ಹೀಗೆ ಗಂಟೆ ನೋಡಿ ವ್ಯವಹರಿಸುತ್ತದೆ.

ಚಹಾದ ಅಂಗಡಿಯಲ್ಲೇ ಬೂಟಿಗೆ ಕಟ್ಟಿಕೊಳ್ಳುವ ಸ್ಪೈಕ್ಸ್, ಊರುಗೋಲು, ಗಮ್‌ಬೂಟು ಎಲ್ಲ ಬಾಡಿಗೆಗೆ ಸಿಗುತ್ತವೆ. ಸೋಲಾರ್ ದೀಪದ ಮಂಕು ಬೆಳಕಿನಲ್ಲಿ ನಮ್ಮ ಗುಂಪು ಬಗ್ಗಿ ಬಗ್ಗಿ ಪಟ್ಟಿ ಬಿಗಿಯುತ್ತಿತ್ತು: ಧಾರವಾಡದವನು, ಮಂಡ್ಯದವನು, ಶಿರಸಿಯವಳು, ನಾನು. ಒಂದೇ ಹಾಸ್ಟೆಲಿನಲ್ಲಿ ಸಾರಿಗೆ ಜಗಳವಾಡಿಕೊಂಡು ಬೆಳೆದವರು. ಗೈಡ್ ಹತ್ತಿರದ ಸಾರಿ ಗ್ರಾಮದ ಹುಡುಗ. ಶಿರಸಿಯವಳನ್ನು ದೀದಿ ಎಂದ, ನಮ್ಮನ್ನು ಭಯ್ಯಾ ಎಂದ. ಮಂಡ್ಯದವನ ಹೊಟ್ಟೆಯನ್ನೊಮ್ಮೆ ನೋಡಿ, ಎರಡನೆಯ ಕೋಲನ್ನು ಕೇಳದೆಯೇ ಅವನ ಕೈಗಿಟ್ಟ.

ಚೋಪ್ತಾ ಸುಮಾರು 2,700 ಮೀಟರ್ ಎತ್ತರದಲ್ಲಿದೆ, ನಾವು ಹೊರಟಿದ್ದ ತುಂಗನಾಥ ಗುಡಿ 3,680. ನಡುವಿನ ದಾರಿ ನಾಲ್ಕು ಕಿಲೋಮೀಟರಿಗೂ ಕಡಿಮೆ. ಹಾಗಾಗಿ ಚಪ್ಪಡಿಗಲ್ಲು ಹಾಸಿದ್ದರೂ ಅದು ಏರುದಾರಿಯೇ. ಆ ಹೊತ್ತಿಗೆ ಕಲ್ಲೇನೂ ಕಾಣುತ್ತಿರಲಿಲ್ಲ. ತಲೆಗೆ ಕಟ್ಟಿಕೊಂಡ ಟಾರ್ಚಿನ ಬೆಳಕು ಬಿದ್ದಲ್ಲೆಲ್ಲ ಮುಂದಿನವನ ಹಿಮ್ಮಡಿ, ಅದರಡಿ ಕರಕರ ಎನ್ನುವ ಹಿಮ. ಮೊದಲ ತಿರುವಿನವರೆಗೆ ಎಲ್ಲರಿಗೂ ಮಾತಿತ್ತು. ಎರಡನೆಯದರಲ್ಲಿ ಧಾರವಾಡದವನು ಹೇಳುತ್ತಿದ್ದ ಕಥೆಯನ್ನು ಅರ್ಧಕ್ಕೇ ಬಿಟ್ಟ.

ಕತ್ತಲಲ್ಲಿ ದಾಟುತ್ತಿದ್ದುದು ಕಾಡು. ಅಂಥದ್ದೇ ಕಾಡನ್ನು ಹಿಂದಿನ ದಿನ ಬೆಳಕಿನಲ್ಲಿ ನೋಡಿದ್ದೆವು. ಊಖೀಮಠದಿಂದ ಬರುವ ರಸ್ತೆಯ ಇಕ್ಕೆಲದಲ್ಲೂ ಬುರಾಂಶ್ ಹೂಬಿಟ್ಟು ನಿಂತಿತ್ತು. ಇದೇ ರೋಡೋಡೆಂಡ್ರಾನ್, ಉತ್ತರಾಖಂಡದ ರಾಜ್ಯವೃಕ್ಷ. ಪೊದೆಯಲ್ಲ, ಓಕ್ ಮರಗಳಿಗೆ ಹೆಗಲು ಕೊಟ್ಟು ಬೆಳೆಯುವ ಮರ. ಕಾಂಡಕ್ಕೆಲ್ಲ ಪಾಚಿ, ತುದಿತುದಿಗೆ ಹೂಗೊಂಚಲು. ತಗ್ಗಿನಲ್ಲಿ ಕಡುಗೆಂಪು. ಮೇಲೇರಿದಂತೆ ಬಣ್ಣ ತಿಳಿಯಾಗುತ್ತ ಗುಲಾಬಿಗೆ ತಿರುಗುತ್ತದೆ, ಇನ್ನೂ ಮೇಲಿನ ಮರಗಳಲ್ಲಿ ಮೊಗ್ಗು ಬಿರಿದೇ ಇರುವುದಿಲ್ಲ. ಒಂದು ತಿರುವಿನಲ್ಲಿ ಹಿಂದಿನ ವಾರದ ಹಿಮ ನೆರಳಿನ ದಂಡೆಗೆ ಅಂಟಿಕೊಂಡಿತ್ತು. ಅದರ ಮೇಲೆ ಉದುರಿದ ಕೆಂಪು ಹೂ. ಕಾರು ನಿಲ್ಲಿಸದೆ ಮುಂದೆ ಹೋಗಲು ಯಾರಿಗೂ ಆಗಲಿಲ್ಲ. ಚೈತ್ರದ ಮೊದಲ ದಿನ ಇಲ್ಲಿನ ಮಕ್ಕಳು ನಸುಕಿನಲ್ಲೇ ಇಂಥ ಹೂ ಆಯ್ದು ತಂದು ಊರಿನ ಮನೆಮನೆಯ ಹೊಸ್ತಿಲಿಗೆ ಇಡುತ್ತಾರೆ. ಫೂಲ್‌ದೇಯಿ ಎಂಬ ಆ ಹಬ್ಬದಲ್ಲಿ ಹಿರಿಯರ ಕೆಲಸ ಅಕ್ಕಿ, ಬೆಲ್ಲ, ಚಿಲ್ಲರೆ ಕಾಸು ಕೊಡುವುದಷ್ಟೇ. ಅಂಗಡಿಗಳಲ್ಲಿ ಬುರಾಂಶ್ ಶರಬತ್ತಿನ ಬಾಟಲಿಗಳು ಸಾಲಾಗಿ ನಿಂತಿರುತ್ತವೆ. ರುಚಿ ನೋಡಿದೆ. ಮರದಲ್ಲಿರುವ ಹೂವೇ ವಾಸಿ.

ಕಾಡು ಒಮ್ಮೆಲೇ ಮುಗಿಯಿತು. ಮುಂದೆ ಬುಗ್ಯಾಲ್, ಅಂದರೆ ಮರವಿಲ್ಲದ ಹುಲ್ಲುಗಾವಲು; ಹುಲ್ಲೆಲ್ಲ ಹಿಮದಡಿ. ದಾರಿಯಂಚಿನ ಕಬ್ಬಿಣದ ಕಂಬಿ ಕೆಲವೆಡೆ ಮೊಣಕಾಲೆತ್ತರ, ಕೆಲವೆಡೆ ಪೂರಾ ಮಾಯ. ಬೇಸಿಗೆಯ ಚಹಾದಂಗಡಿಗಳ ತಗಡಿನ ಮಾಡು ಮಾತ್ರ ಹೊರಗೆ ಕಾಣುತ್ತಿತ್ತು.

ತುಂಗನಾಥ ತಲುಪಿದಾಗಲೂ ಕತ್ತಲೇ. ಶಿವನ ಪಂಚಕೇದಾರ ಕ್ಷೇತ್ರಗಳಲ್ಲಿ ಅತಿ ಎತ್ತರದ್ದು ಇದು. ಕುರುಕ್ಷೇತ್ರದ ಪಾಪ ಕಳೆಯಲು ಬಂದ ಪಾಂಡವರಿಂದ ತಪ್ಪಿಸಿಕೊಳ್ಳಲು ಶಿವ ಎತ್ತಿನ ರೂಪದಲ್ಲಿ ಭೂಮಿಯೊಳಗೆ ಇಳಿದನಂತೆ. ಡುಬ್ಬ ಕೇದಾರನಾಥದಲ್ಲಿ ಕಾಣಿಸಿತು, ತೋಳುಗಳು ಇಲ್ಲಿ. ಕಲ್ಲಿನ ಪುಟ್ಟ ಗುಡಿ, ಮುಂದೆ ಬೆನ್ನ ಮೇಲೆ ಹಿಮ ಹೊತ್ತ ನಂದಿ. ಬಾಗಿಲಿಗೆ ಬೀಗ. ದೀಪಾವಳಿ ಕಳೆದ ಮೇಲೆ ದೇವರ ಉತ್ಸವಮೂರ್ತಿ ಡೋಲಿ ಏರಿ ಕೆಳಗಿನ ಮಕ್ಕೂಮಠಕ್ಕೆ ಹೋಗುತ್ತದೆ. ಚಳಿಗಾಲದ ಪೂಜೆಯೆಲ್ಲ ಅಲ್ಲಿನ ಮಾರ್ಕಂಡೇಯ ದೇವಾಲಯದಲ್ಲೇ. ಮರಳುವ ದಿನವನ್ನು ಬೈಸಾಖಿಯಂದು ನಿಗದಿ ಮಾಡುತ್ತಾರೆ. ನಾವು ಹೋದದ್ದು ಈ ನಡುವಿನ ಬಿಡುವಿನಲ್ಲಿ. ಗಂಟೆಯ ಸದ್ದಿಲ್ಲ, ಸರದಿ ಸಾಲಿಲ್ಲ, ಹೇಸರಗತ್ತೆಗಳ ಲದ್ದಿಯಿಲ್ಲ. ಧಾರವಾಡದವನು ಮುಚ್ಚಿದ ಬಾಗಿಲಿಗೇ ಕೈಮುಗಿದ. ದರ್ಶನ ತಪ್ಪಿತೆಂದು ಮರುಗುವವರನ್ನು ಆಮೇಲೆ ದಾರಿಯಲ್ಲಿ ಕಂಡೆ. ನನಗಂತೂ ಯಜಮಾನ ಮನೆಯಲ್ಲಿಲ್ಲದಾಗ ಅಂಗಳದಲ್ಲಿ ಒಂದಿಷ್ಟು ಕೂತು ಬರುವುದು ಹಿತವೆನಿಸಿತು.

ಚಂದ್ರಶಿಲೆಯ ತುದಿ ಅಲ್ಲಿಂದ ಒಂದೂವರೆ ಕಿಲೋಮೀಟರ್, ಎತ್ತರ ಸುಮಾರು 4,000 ಮೀಟರ್. ಈ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ನೂರಕ್ಕೆ ಅರವತ್ತರಷ್ಟು. ಆ ಲೆಕ್ಕ ಎದೆಗೆ ಗೊತ್ತಾಗುವುದು ಇಲ್ಲೇ. ಹತ್ತು ಹೆಜ್ಜೆ, ಕೋಲಿಗೆ ಒರಗು, ಮತ್ತೆ ಹತ್ತು. ಓರೆಯಾದ ಒಂದು ಜಾಗದಲ್ಲಿ ಗೈಡ್ ಐಸ್ ಆಕ್ಸಿನಿಂದ ಮೆಟ್ಟಿಲು ಕೆತ್ತುತ್ತ ಹೋದ. ಸಿಡಿದ ಹರಳುಗಳು ಕತ್ತಲ ಇಳಿಜಾರಿನಲ್ಲಿ ಸಣ್ಣಗೆ ಸದ್ದು ಮಾಡುತ್ತ ಜಾರಿಹೋದವು, ಎಷ್ಟು ದೂರ ಎಂದು ಕೇಳಿಸಿಕೊಳ್ಳುವ ಮನಸ್ಸಾಗಲಿಲ್ಲ. ಶಿರಸಿಯವಳು ಮಾತ್ರ ಅವನ ಬೆನ್ನಿಗೇ ನಡೆದಳು. ಮಳೆಗಾಲದಲ್ಲಿ ಪಾಚಿ ಕಟ್ಟಿದ ತೋಟದ ಕಾಲುದಾರಿಯಲ್ಲಿ ಓಡಾಡಿ ಬೆಳೆದವಳಿಗೆ ಜಾರುವ ನೆಲ ಹೊಸದಲ್ಲ.

ತುದಿಯಲ್ಲಿ ಗಾಳಿ ಕೆನ್ನೆ ಕಿತ್ತುಕೊಳ್ಳುವಂತೆ ಬೀಸುತ್ತಿತ್ತು. ಪೂರ್ವಕ್ಕೆ ತ್ರಿಶೂಲ, ನಂದಾದೇವಿಯ ಕಪ್ಪು ಅಂಚು. ಅವುಗಳ ಹಿಂದೆ ಆಕಾಶ ನಿಧಾನಕ್ಕೆ ಹಳದಿಯಾಗುತ್ತಿತ್ತು. ಎಲ್ಲರೂ ಸೂರ್ಯ ಹುಟ್ಟುವ ಕಡೆಗೇ ಫೋನು ಹಿಡಿದಿದ್ದರು. ನೋಡಬೇಕಾದ್ದು ಎಡಗಡೆ, ಉತ್ತರದಲ್ಲಿ ನಡೆದಿತ್ತು. 7,138 ಮೀಟರಿನ ಚೌಖಂಬಾದ ನೆತ್ತಿ ಮೊದಲು ಕೆಂಪಾಯಿತು, ಆ ಕೆಂಪು ಹಿಮದ ಗೋಡೆಯಲ್ಲಿ ಕೆಳಗಿಳಿಯುತ್ತ ಕೇಸರಿಯಾಯಿತು, ಆಮೇಲೆ ಕೇದಾರ ಶಿಖರಕ್ಕೆ ದಾಟಿತು. ನಾವು ನಿಂತಲ್ಲಿಗೆ ಬಿಸಿಲು ಇನ್ನೂ ಬಂದಿರಲಿಲ್ಲ. ನಂದಾದೇವಿಯನ್ನು ಗಢವಾಲ, ಕುಮಾವೂನಿನವರು ಮನೆಮಗಳೆಂದು ಕರೆಯುತ್ತಾರೆ. ಅವಳನ್ನು ಗಂಡನ ಮನೆಯ ಕಡೆಗೆ ಕಳಿಸಿಕೊಡುವ ನಂದಾ ರಾಜ್ ಜಾತ್ ಯಾತ್ರೆಯಿದೆ. ಗೌರಿ ತವರಿಗೆ ಬರುವ ಹಬ್ಬ ಮಾಡುವ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. 7,816 ಮೀಟರಿನ ಆ ಶಿಖರದ ಒಳಾವರಣವನ್ನು 1983ರಲ್ಲಿ ಆರೋಹಿಗಳಿಗೆ ಮುಚ್ಚಲಾಯಿತು. ದೂರದಿಂದ ನೋಡುವುದಕ್ಕೆ ಅಡ್ಡಿಯಿಲ್ಲ.

ಇಳಿಯುವಾಗ ಬೆಟ್ಟವೇ ಬೇರೆ. ಒಂಬತ್ತರ ಬಿಸಿಲಿಗೇ ಹಿಮದ ಮೇಲ್ಪದರ ಮೆತ್ತಗಾಗಿ, ಕನ್ನಡಕ ತೆಗೆದರೆ ಕಣ್ಣು ಬಿಡಲಾಗದಷ್ಟು ಪ್ರಖರ. ಹೊಸ ಹಿಮ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲನ್ನು ಹಿಂದಕ್ಕೆ ಕಳಿಸುತ್ತದೆ. ಕರಗಿ ಹೆಪ್ಪುಗಟ್ಟಿದ ಹಳೆಯ ಹಿಮ ಕೊಂಚ ಕಡಿಮೆ. ಮುಖ ಸುಡುವುದು ಕೆಳಗಿನಿಂದ: ಮೂಗಿನ ಅಡಿ, ಗಲ್ಲದ ಅಡಿ, ಯಾರೂ ಕ್ರೀಮು ಹಚ್ಚಿಕೊಳ್ಳದ ಜಾಗಗಳು. ಕಲ್ಲುಗಳ ಸಂದಿಯಲ್ಲಿ ಒಂದು ಮೋನಾಲ್ ಹಕ್ಕಿ ಹಿಮ ಕೆದಕುತ್ತಿತ್ತು. ಹಸಿರು, ತಾಮ್ರ, ನೇರಳೆ. ತಲೆಯ ಮೇಲೆ ಜುಟ್ಟು. ಅಷ್ಟೊಂದು ಬಿಳುಪಿನ ನಡುವೆ ಅಷ್ಟೊಂದು ಬಣ್ಣ ತೊಟ್ಟು, ನಮ್ಮನ್ನು ಲೆಕ್ಕಕ್ಕೇ ಇಡದೆ. ಶಿರಸಿಯವಳು ಕ್ಯಾಮೆರಾ ಹೊರತೆಗೆಯುವಷ್ಟರಲ್ಲಿ ಸಿಳ್ಳೆ ಹಾಕಿ ಕಣಿವೆಗೆ ಹಾರಿತು.

ಸ್ವಲ್ಪ ಕೆಳಗೆ ಮಂಡ್ಯದವನ ಕಾಲು ತೊಡೆಯವರೆಗೆ ಹೂತಿತು. ಒಂದು ಕಾಲು ಕಿತ್ತರೆ ಇನ್ನೊಂದು ಒಳಗೆ. "ಏನ್ಲಾ ಇದು, ನಾಟಿ ಗದ್ದೆಗೆ ಇಳ್ದಂಗಾಯ್ತಲ್ಲ!" ಎಂದು ಅಲ್ಲೇ ಕೂತುಬಿಟ್ಟ. ಗೈಡ್ ಎರಡೂ ಕೋಲುಗಳನ್ನು ಅಡ್ಡ ಹಾಕಿ, ಅದರ ಮೇಲೆ ಭಾರ ಬಿಡಿಸಿ ಎಬ್ಬಿಸಿದ. ಕೈಗಡಿಯಾರ ತೋರಿಸಿ ಏನೋ ಹೇಳಿ ನಕ್ಕ ಕೂಡ.

ಸಂಜೆ ಊಖೀಮಠದಲ್ಲಿ ಇಳಿದೆವು. ಕೇದಾರನಾಥ ಚಳಿಗಾಲ ಕಳೆಯುವುದು ಇಲ್ಲಿನ ಓಂಕಾರೇಶ್ವರ ದೇವಾಲಯದಲ್ಲಿ. ವೀರಶೈವ ಪಂಚಪೀಠಗಳಲ್ಲೊಂದಾದ ಕೇದಾರ ಪೀಠವೂ ಇಲ್ಲಿಯೇ. ಕೇದಾರದ ರಾವಲರು, ಅಂದರೆ ಮುಖ್ಯ ಅರ್ಚಕರು, ವೀರಶೈವ ಜಂಗಮರು; ಕರ್ನಾಟಕದಿಂದ ಬಂದವರು ಆ ಸ್ಥಾನದಲ್ಲಿ ಕೂರುವುದು ಹಳೆಯ ವಾಡಿಕೆ. ಹಾಗಾಗಿ ಬಣ್ಣಬಣ್ಣದ ಮರದ ಕೆತ್ತನೆಯ ಆ ಅಂಗಳದಲ್ಲಿ ಕನ್ನಡ ಕಿವಿಗೆ ಬಿದ್ದಾಗ ತೀರಾ ಅಚ್ಚರಿಯೇನೂ ಆಗಲಿಲ್ಲ. ಜಗಲಿಯಲ್ಲಿ ಕೂತಿದ್ದ ಹಿರಿಯರೊಬ್ಬರು ನಮ್ಮ ಮಾತು ಕೇಳಿ ತಿರುಗಿದರು.

"ಯಾವೂರವ್ರೀ?"

ಧಾರವಾಡದವನು ಎಲ್ಲರ ಊರನ್ನೂ ಒಪ್ಪಿಸಿದ. "ತುಂಗನಾಥಕ್ಕ ಹೋಗಿದ್ವಿರಿ ಅಜ್ಜಾರ, ಮುಂಜಾನೆ."

"ಈಗೇನದರೀ ಅಲ್ಲೆ? ಬರೇ ಹಿಮ. ದೇವರು ಮಕ್ಕೂಮಠದಾಗ ಅದಾನ. ನಾಳೆ ಹೋಗಿ ಬರ್ರಿ, ರಸ್ತಾ ಛಲೋ ಅದ."

ಮಂಡ್ಯದವನು ಆ ಕೊನೆಯ ಮಾತನ್ನು ಎರಡೆರಡು ಸಲ ಕೇಳಿ ಖಚಿತಪಡಿಸಿಕೊಂಡ.