ಕೂಟ ಬೇಕು, ಮದ್ಯ ಬೇಡ

ತುಂಗಭದ್ರಾ ಎಡದಂಡೆಯ ನೀರಿನಲ್ಲಿ ಬತ್ತ ಬೆಳೆಯುವ ಸಿಂಧನೂರು ಸೀಮೆಯ ತುರ್ವಿಹಾಳದಂತಹ ಊರಿನಿಂದ ಉನ್ನತ ವ್ಯಾಸಂಗಕ್ಕೆ ವಿದೇಶಕ್ಕೆ ತೆರಳುವ ಯುವಕನಿಗೆ ಅಲ್ಲಿ ಮೊದಲು ಎದುರಾಗುವ ಪರೀಕ್ಷೆ ಪಾಠದ್ದಲ್ಲ, ಕೂಟದ್ದು. ಪಾಶ್ಚಾತ್ಯ ದೇಶಗಳ ಅನೇಕ ವಿಶ್ವವಿದ್ಯಾಲಯಗಳ ವಿಭಾಗಗಳಲ್ಲಿ ವಾರದ ಕೊನೆಗೆ ಸಂಜೆಯ ಸ್ನೇಹಕೂಟ ನಡೆಯುತ್ತದೆ. ಗುರುಶಿಷ್ಯರು ಸಮಾನರಾಗಿ ಕುಳಿತು ಮಾತನಾಡುತ್ತಾರೆ. ಬೆಲ್ಜಿಯಂ, ಜರ್ಮನಿಗಳಿಂದ ತರಿಸಿದ ಬಿಯರ್ ಶೀಸೆಗಳೂ ಮೇಜಿನ ಮೇಲಿರುತ್ತವೆ. ಬೇಡವೆಂದರೆ ಒಂಟಿಯಾದೇನು ಎಂಬ ಅಳುಕು ಆ ಯುವಕನಿಗೆ. ಒಪ್ಪಿದರೆ ಮನೆಯ ವ್ರತ ಮುರಿದೀತೆಂಬ ಚಿಂತೆ ಊರಿನಲ್ಲಿರುವ ತಂದೆತಾಯಿಗಳಿಗೆ.

ಹಾಗಾದರೆ ಕೂಟವೇ ದೋಷವೇ? ತುರ್ವಿಹಾಳಕ್ಕೆ ಸಮೀಪದ ಮಸ್ಕಿಯಲ್ಲಿ 1915ರಲ್ಲಿ ದೊರೆತ ಶಾಸನವು 'ದೇವಾನಾಂಪ್ರಿಯ'ನೆಂದರೆ ಅಶೋಕನೇ ಎಂಬುದನ್ನು ಜಗತ್ತಿಗೆ ತಿಳಿಸಿತು. ಅದೇ ಅರಸನು ಗಿರಿನಾರ್ ಮೊದಲಾದೆಡೆ ಬರೆಸಿದ ಶಾಸನದಲ್ಲಿ ಜನಕೂಟಗಳಲ್ಲಿ ಬಹಳ ದೋಷವಿದೆಯೆಂದು ಹೇಳಿ, ಆದರೂ ಕೆಲವು ಕೂಟಗಳು ಒಳ್ಳೆಯವೇ ಎಂದು ವಿವೇಚಿಸಿದ್ದಾನೆ. ಜೈನಧರ್ಮದ ದೃಷ್ಟಿಯೂ ಇದೇ. ಮುನಿ, ಆರ್ಯಿಕೆ, ಶ್ರಾವಕ, ಶ್ರಾವಿಕೆಯರ ಚತುರ್ವಿಧ ಸಂಘವೇ ಧರ್ಮದ ಆಧಾರ. ಒಂದುಗೂಡುವುದು ಪುಣ್ಯವೇ, ಯಾವುದರಿಂದ ಒಂದುಗೂಡುತ್ತೇವೆ ಎಂಬುದೇ ಪ್ರಶ್ನೆ.

ಆ ಗಿರಿನಾರ್ ಭಗವಾನ್ ನೇಮಿನಾಥರು ಮೋಕ್ಷ ಪಡೆದ ಪುಣ್ಯಕ್ಷೇತ್ರ. ಮದ್ಯದ ನಿಮಿತ್ತದಿಂದ, ದ್ವೈಪಾಯನನ ಮೂಲಕ ದ್ವಾರಾವತಿಗೆ ನಾಶವಿದೆಯೆಂದು ಅವರು ಮೊದಲೇ ತಿಳಿಸಿದ್ದರು. ಪುನ್ನಾಟ ಸಂಘದ ಜಿನಸೇನಾಚಾರ್ಯರು ಶಕ 705ರಲ್ಲಿ, ಅಂದರೆ ಕ್ರಿ.ಶ. 783ರಲ್ಲಿ, ರಚಿಸಿದ 'ಹರಿವಂಶಪುರಾಣ' ಈ ಕಥೆಯನ್ನು ಹೇಳುತ್ತದೆ. ಊರಿನ ಮದ್ಯವನ್ನೆಲ್ಲ ಹೊರಗೆ ಚೆಲ್ಲಿಸಲಾಯಿತು. ವರ್ಷಗಳ ಬಳಿಕ ವನವಿಹಾರಕ್ಕೆ ಹೋದ ಯಾದವ ಕುಮಾರರು ಬಾಯಾರಿ, ಅಲ್ಲಿ ನಿಂತಿದ್ದ ಹಳೆಯ ಮದ್ಯವನ್ನು ಕುಡಿದರು. ಮತ್ತರಾಗಿ, ತಪದಲ್ಲಿದ್ದ ದ್ವೈಪಾಯನನಿಗೆ ಕಲ್ಲೆಸೆದರು. ಅವನ ಕ್ರೋಧಾಗ್ನಿಗೆ ನಗರವೇ ಆಹುತಿಯಾಯಿತು. ಆ ಕುಮಾರರು ಕೇಡು ಮಾಡಬೇಕೆಂದು ಹೊರಟವರಲ್ಲ. ಗೆಳೆಯರೊಡನೆ ವಿಹಾರಕ್ಕೆ ಹೊರಟವರು.

ಮದ್ಯತ್ಯಾಗವು ಶ್ರಾವಕನ ಅಷ್ಟಮೂಲಗುಣಗಳಲ್ಲಿ ಒಂದು. ಮದ್ಯಪಾನವು ಸಪ್ತವ್ಯಸನಗಳಲ್ಲಿ ಒಂದು. ಇದಕ್ಕೆ ಅಮೃತಚಂದ್ರಾಚಾರ್ಯರು 'ಪುರುಷಾರ್ಥಸಿದ್ಧ್ಯುಪಾಯ'ದಲ್ಲಿ ಎರಡು ಕಾರಣಗಳನ್ನು ಕೊಡುತ್ತಾರೆ. ಮೊದಲನೆಯದು, ಮದ್ಯವು ಮನಸ್ಸನ್ನು ಮೋಹಗೊಳಿಸುತ್ತದೆ. ಮೋಹಗೊಂಡವನು ಧರ್ಮವನ್ನು ಮರೆತು ಅಂಜಿಕೆಯಿಲ್ಲದೆ ಹಿಂಸೆಗೆ ಇಳಿಯುತ್ತಾನೆ. ಎರಡನೆಯದು, ಅದು ರಸದಲ್ಲಿ ಹುಟ್ಟುವ ಅನೇಕ ಜೀವಿಗಳ ನೆಲೆ. ಬಿಯರ್ ಆಗುವುದೂ ಹೀಗೆಯೇ: ಮೊಳೆತ ಬಾರ್ಲಿಯ ಸಿಹಿರಸದಲ್ಲಿ ಯೀಸ್ಟ್ ಎಂಬ ಸೂಕ್ಷ್ಮಜೀವಿಗಳು ಬೆಳೆದು ಸಕ್ಕರೆಯನ್ನು ಮದ್ಯಸಾರವಾಗಿಸುತ್ತವೆ. 'ಬಿಯರ್ ಹಗುರವಾದದ್ದು' ಎಂಬ ಸಮಾಧಾನವೂ ಸಲ್ಲದು. ಸಾಮಾನ್ಯ ಬಿಯರಿನಲ್ಲಿ ಮದ್ಯಸಾರ ಶೇ 4ರಿಂದ 6ರಷ್ಟಿದ್ದರೆ, ಬೆಲ್ಜಿಯಂನ ಕೆಲವು ಬಗೆಗಳಲ್ಲಿ ಶೇ 8ನ್ನೂ ಮೀರುತ್ತದೆ. ವ್ರತಕ್ಕೆ ಪ್ರಮಾಣವಲ್ಲ, ಸಂಕಲ್ಪ ಮುಖ್ಯ.

ಹಾಗೆಂದು ಕೂಟವನ್ನೇ ತೊರೆದು ಕೋಣೆ ಸೇರಬೇಕಿಲ್ಲ. ಹೋಗಲಿ, ಹಣ್ಣಿನ ರಸವನ್ನೋ ನೀರನ್ನೋ ಹಿಡಿದು ಕುಳಿತುಕೊಳ್ಳಲಿ. 'ನಾನು ಕುಡಿಯುವುದಿಲ್ಲ, ಇದು ನನ್ನ ವ್ರತ' ಎಂದು ಮೊದಲ ದಿನವೇ ನಗುನಗುತ್ತ ಹೇಳಲಿ. ಎರಡನೆಯ ವಾರಕ್ಕೆ ಕಾರಣ ಹುಡುಕುವ ಕಷ್ಟ ತಪ್ಪುತ್ತದೆ. ಕುಡಿಯುವವರನ್ನು ಕೀಳಾಗಿ ಕಾಣುವುದೂ ಬೇಡ. ವ್ರತದ ಬೆನ್ನಿಗೆ ಬರುವ ಅಹಂಕಾರವೂ ಒಂದು ಮತ್ತೇ, ಮಾನಕಷಾಯವೇ. ಅತಿಥೇಯರಿಗೂ ಒಂದು ಕರ್ತವ್ಯವಿದೆ: ಲೋಟ ಹಿಡಿಯದವನಿಗೂ ಮಾತಿನಲ್ಲಿ ಸಮಪಾಲು ಕೊಡುವುದು.

ಮಕ್ಕಳನ್ನು ಬೀಳ್ಕೊಡುವ ತಂದೆತಾಯಿಗಳು ನಿಷೇಧವನ್ನಷ್ಟೇ ಅಲ್ಲ, ಅದರ ಕಾರಣವನ್ನೂ ತಿಳಿಸಿ ಕಳುಹಿಸಲಿ. ಹೆದರಿಕೆಯಿಂದ ಹಿಡಿದ ವ್ರತ ನೋಡುವವರಿಲ್ಲದ ಕಡೆ ಸಡಿಲುತ್ತದೆ. ಅರಿತು ಹಿಡಿದ ವ್ರತ ಎಷ್ಟು ದೂರದ ನಾಡಿನಲ್ಲಿಯೂ ಸಂಗಾತಿಯಾಗಿರುತ್ತದೆ.