ಕಲ್ಲಿನಡಿಯ ಮನೆ, ಹೆಸರಿಲ್ಲದ ಒಡೆಯ

ಜಾಲಿಯ ಕೊಂಬೆಯಲ್ಲಿ ಒಣಕಡ್ಡಿಗಳ ಚೀಲ ಹೆಣೆದುಕೊಂಡು, ಅದರೊಳಗೆ ಕುಳಿತು ಜೋತಾಡುವ ಹುಳುವನ್ನು ಕರ್ನಾಟಕದ ಬಯಲುಸೀಮೆಯ ಮಕ್ಕಳೆಲ್ಲ ಬಲ್ಲರು. ಇಂಥದೇ ಕುಶಲಕರ್ಮಿಗಳು ನೀರಿನಲ್ಲಿಯೂ ಇದ್ದಾರೆ. ದಕ್ಷಿಣ ಅಮೆರಿಕದ ಬ್ರೆಜಿಲ್ ದೇಶದ ಕಾಡುತೊರೆಯೊಂದಕ್ಕೆ ಇಳಿದು ಒಂದು ಕಲ್ಲನ್ನು ಮಗುಚಿದರೆ, ತಳದ ಎಲೆರಾಶಿಯನ್ನು ಕೆದಕಿದರೆ, ಪುಟ್ಟ ಪುಟ್ಟ ಮನೆಗಳು ಕಾಣುತ್ತವೆ. ಒಂದು ಮರಳಿನ ಕಣಗಳನ್ನು ಜೋಡಿಸಿ ಕಟ್ಟಿದ ಕೊಳವೆ; ಇನ್ನೊಂದು ಎಲೆಯ ತುಣುಕುಗಳನ್ನು ಕತ್ತರಿಸಿ ಅಂಟಿಸಿದ ಲಕೋಟೆ; ಮತ್ತೊಂದು ಬಸವನಹುಳುವಿನ ಚಿಪ್ಪಿನಂಥ ಸುರುಳಿ.

ಈ ಮನೆಗಳನ್ನು ಕಟ್ಟುವುದು ಕ್ಯಾಡಿಸ್ ಎಂಬ ಕೀಟದ ಮರಿಹುಳು. ಇದು ಪತಂಗಗಳ ಹತ್ತಿರದ ಬಂಧು. ರೇಷ್ಮೆಹುಳುವಿನಂತೆ ಬಾಯಿಯ ಬಳಿಯಿಂದ ನೂಲು ತೆಗೆಯುತ್ತದೆ. ಆ ನೂಲೇ ಇದರ ಗಾರೆ. ಕೆಲವು ಜಾತಿಗಳು ಮನೆ ಹೊತ್ತು ತಿರುಗುತ್ತವೆ. ಕೆಲವು ಹರಿವ ನೀರಿಗೆ ಬಲೆ ಒಡ್ಡಿ ಆಹಾರ ಹಿಡಿಯುತ್ತವೆ. ತಿಂಗಳುಗಟ್ಟಲೆ ನೀರಿನಲ್ಲಿ ಬೆಳೆದು, ಕೋಶಾವಸ್ಥೆ ಕಳೆದು, ರೆಕ್ಕೆ ಬಲಿತು ಹೊರಬಂದ ಮೇಲೆ ಇವುಗಳ ಬಾಳು ಬಹಳ ದಿನದ್ದಲ್ಲ.

ಮೆಕ್ಸಿಕೋದಿಂದ ದಕ್ಷಿಣ ಅಮೆರಿಕದ ತುದಿಯವರೆಗೆ ಇಂಥ ಎಷ್ಟು ಬಗೆಗಳಿವೆ? ರಾಲ್ಫ್ ಹೊಲ್ಜೆಂಥಾಲ್ ಮತ್ತು ಅಡೊಲ್ಫೊ ಕಲೋರ್ 2017ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ 3,262 ಪ್ರಭೇದಗಳಿವೆ. ಹೆಸರು ಸಿಗದೆ ತೊರೆಗಳಲ್ಲಿಯೂ ಸಂಗ್ರಹಾಲಯದ ಸೀಸೆಗಳಲ್ಲಿಯೂ ಉಳಿದವು ಇನ್ನೂ ಇವೆ.

ಕೊಡಲಿ ಹಿಡಿದ ಮೇಷ್ಟ್ರು

ಈ ಮನೆಗಳನ್ನು ಮೊದಮೊದಲು ಶ್ರದ್ಧೆಯಿಂದ ಅಭ್ಯಾಸ ಮಾಡಿದವರಲ್ಲಿ ಫ್ರಿಟ್ಸ್ ಮ್ಯೂಲರ್ ಮುಖ್ಯನು. 1822ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಈತ ವೈದ್ಯಕೀಯ ಓದಿದ್ದರೂ ಪದವಿಗೆ ಬೇಕಾಗಿದ್ದ ಧಾರ್ಮಿಕ ಪ್ರಮಾಣವಚನವನ್ನು ಒಪ್ಪಲಿಲ್ಲ. 1852ರಲ್ಲಿ ಸಂಸಾರ ಸಮೇತ ಹಡಗು ಹತ್ತಿ, ದಕ್ಷಿಣ ಬ್ರೆಜಿಲಿನ ಸಾಂತಾ ಕತರೀನಾ ಪ್ರಾಂತದ ಬ್ಲುಮೆನೌ ಎಂಬ ಹೊಸ ವಸಾಹತಿಗೆ ಬಂದ. ಕಾಡು ಕಡಿದು ಹೊಲ ಮಾಡಿದ. 1856ರಿಂದ 1867ರವರೆಗೆ ಇಂದಿನ ಫ್ಲೋರಿಯನೊಪೊಲಿಸ್ ನಗರದ ಶಾಲೆಯಲ್ಲಿ ಗಣಿತ ಕಲಿಸಿದ. ಉಳಿದ ಸಮಯವೆಲ್ಲ ಭೂತಕನ್ನಡಿ, ಸೂಕ್ಷ್ಮದರ್ಶಕಗಳ ಜೊತೆಗೆ. ಚಾರ್ಲ್ಸ್ ಡಾರ್ವಿನ್ ಈತನನ್ನು ವೀಕ್ಷಕರ ದೊರೆ ಎಂದೇ ಕರೆಯುತ್ತಿದ್ದ.

ತನ್ನ ಪ್ರಾಂತದ ಕ್ಯಾಡಿಸ್ ಹುಳುಗಳ ಮನೆಗಳ ಬಗ್ಗೆ ಮ್ಯೂಲರ್ ಬರೆದ ದೀರ್ಘ ಲೇಖನ ರಿಯೊ ಡಿ ಜನೈರೊದ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಪತ್ರಿಕೆಯಲ್ಲಿ ಬೆಳಕು ಕಂಡಿತು. ಒಂದು ಹುಳುವನ್ನು ಅವನು ತೊರೆಯಲ್ಲಲ್ಲ, ಮರದ ಮೇಲೆ ಕಂಡ! ಅನಾನಸಿನ ಕುಟುಂಬಕ್ಕೆ ಸೇರಿದ ಕೆಲವು ಗಿಡಗಳು ಕೊಂಬೆಗಳ ಮೇಲೆ ಬೆಳೆದು ಎಲೆಗಳ ಬುಡದಲ್ಲಿ ಮಳೆನೀರು ಹಿಡಿದಿಡುತ್ತವೆ. ಆ ಬೊಗಸೆ ನೀರೇ ಈ ಹುಳುವಿನ ಕೆರೆ. 1880ರಲ್ಲಿ ಅವನು ಸ್ಥಾಪಿಸಿದ ಮರಿಲಿಯಾ ಎಂಬ ಕುಲದ ಕೀಟಗಳು ಭಾರತವೂ ಸೇರಿದಂತೆ ಏಷ್ಯಾದ ತೊರೆಗಳಲ್ಲಿಯೂ ಇವೆ. ಬ್ರೆಜಿಲಿನಲ್ಲಿ ಇಟ್ಟ ಹೆಸರು ಇಲ್ಲಿಯೂ ನಡೆಯುತ್ತಿದೆ.

ಅದೇ 1880ರಲ್ಲಿ ಇಟಜಾಯಿ ನದಿ ಉಕ್ಕಿ ಮ್ಯೂಲರನ ಜೀವಕ್ಕೇ ಅಪಾಯ ಬಂದಿತ್ತು. ಸುದ್ದಿ ಕೇಳಿದ ಡಾರ್ವಿನ್ ಮ್ಯೂಲರನ ತಮ್ಮನಿಗೆ ಕೂಡಲೇ ಪತ್ರ ಬರೆದ. ಪುಸ್ತಕ, ಉಪಕರಣಗಳು ಹೋಗಿದ್ದರೆ ಹಣ ಕಳಿಸಲು ತನಗೆ ಅನುಮತಿ ಕೊಡಬೇಕು, ವಿಜ್ಞಾನಕ್ಕೆ ನಷ್ಟವಾಗಬಾರದು ಎಂಬುದು ಅವನ ಕೋರಿಕೆ. ಅದೃಷ್ಟಕ್ಕೆ ಹಾನಿ ಅಷ್ಟೇನೂ ಆಗಿರಲಿಲ್ಲ.

ಮನೆ ನೋಡಿ ಮೋಸ ಹೋದದ್ದು

ಮನೆಯನ್ನಷ್ಟೇ ನೋಡಿ ಒಡೆಯನ ಹೆಸರು ಹೇಳಬಹುದೆ? 1834ರಲ್ಲಿ ಅಮೆರಿಕದ ಚಿಪ್ಪುತಜ್ಞ ಐಸಾಕ್ ಲೀ ಉತ್ತರ ಅಮೆರಿಕದ ಹೊಳೆಯೊಂದರಲ್ಲಿ ಸಿಕ್ಕ ಮರಳಿನ ಸುರುಳಿಯನ್ನು ಹೊಸ ಬಸವನಹುಳುವೆಂದು ಬಣ್ಣಿಸಿ ಹೆಸರಿಟ್ಟ. ಅದು ಕ್ಯಾಡಿಸ್ ಹುಳುವಿನ ಮನೆಯಾಗಿತ್ತು! ಅದೇ ಕುಲದ ಸುರುಳಿಮನೆಗಳು ದಕ್ಷಿಣ ಅಮೆರಿಕದಲ್ಲಿಯೂ ಉಂಟು. ಮ್ಯೂಲರನೂ ಕೆಲವು ಹೆಸರುಗಳನ್ನು ಮನೆ ಮತ್ತು ಮರಿಹುಳುಗಳ ಆಧಾರದಿಂದಲೇ ಇಟ್ಟಿದ್ದರಿಂದ ಮುಂದಿನವರಿಗೆ ತೊಡಕಾಯಿತು. ರೆಕ್ಕೆಯ ಕೀಟ ಕೈಗೆ ಸಿಕ್ಕಾಗ ಅದು ಯಾವ ಮನೆಯದು ಎಂದು ಹೇಳುವುದು ಹೇಗೆ?

ಗುರುತು ಹಿಡಿಯುವ ಬಗೆ

ಇಂದಿನ ಕ್ರಮ ಹೀಗಿದೆ. ಮುಸ್ಸಂಜೆಯ ಹೊತ್ತಿಗೆ ತೊರೆಯ ದಡದಲ್ಲಿ ಬಿಳಿಯ ಬಟ್ಟೆ ಕಟ್ಟಿ ಅದರ ಮುಂದೆ ನೇರಳಾತೀತ ದೀಪ ಹೊತ್ತಿಸುತ್ತಾರೆ. ಕತ್ತಲಾಗುತ್ತಿದ್ದಂತೆ ಕಂದುಬಣ್ಣದ ಸಣ್ಣ ಕೀಟಗಳು ಬಂದು ಬಟ್ಟೆಗೆ ಮುತ್ತುತ್ತವೆ. ಅವನ್ನು ಆಲ್ಕೊಹಾಲ್ ತುಂಬಿದ ಸೀಸೆಗೆ ಹಾಕಿ, ಸ್ಥಳ, ದಿನಾಂಕ, ಹಿಡಿದವರ ಹೆಸರುಗಳನ್ನು ಬರೆದಿಡುತ್ತಾರೆ.

ಹೊರನೋಟಕ್ಕೆ ಎಷ್ಟೋ ಪ್ರಭೇದಗಳು ಒಂದೇ ರೀತಿ. ನಿಜವಾದ ಗುರುತು ಗಂಡುಕೀಟದ ಹೊಟ್ಟೆಯ ತುದಿಯಲ್ಲಿರುವ ಜನನಾಂಗಗಳ ಆಕಾರದಲ್ಲಿದೆ. ಹೊಟ್ಟೆಯ ಭಾಗವನ್ನು ಬೇರ್ಪಡಿಸಿ ಕಾಸ್ಟಿಕ್ ಪೊಟ್ಯಾಷ್ ಅಥವಾ ಲ್ಯಾಕ್ಟಿಕ್ ಆಮ್ಲದಲ್ಲಿ ಬಿಸಿ ಮಾಡಿದರೆ ಒಳಗಿನ ಮಾಂಸವೆಲ್ಲ ಕರಗಿ ಗಟ್ಟಿಭಾಗಗಳು ಸ್ಪಷ್ಟವಾಗುತ್ತವೆ. ಅವನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತ ಪಕ್ಕದಿಂದ, ಮೇಲಿನಿಂದ, ಕೆಳಗಿನಿಂದ ಚಿತ್ರ ಬರೆಯಬೇಕು. ನೂರಾರು ಹಳೆಯ ಚಿತ್ರಗಳ ಜೊತೆ ಹೋಲಿಸಿ, ಯಾವುದಕ್ಕೂ ಹೊಂದದಿದ್ದರೆ ಮಾತ್ರ ಹೊಸದೆನ್ನಬೇಕು. ಆಗ ಒಂದೇ ಒಂದು ಕೀಟವನ್ನು ಆರಿಸಿ ಅದನ್ನು ಆ ಹೆಸರಿನ ಮೂಲಮಾದರಿಯೆಂದು ಘೋಷಿಸಿ ಸಂಗ್ರಹಾಲಯದಲ್ಲಿಡುತ್ತಾರೆ. ಅಂಗಡಿಯ ತೂಕದ ಕಲ್ಲು ಸರಿಯೋ ತಪ್ಪೋ ಎಂದು ನೋಡಲು ಸರ್ಕಾರದ ಬಳಿ ಅಸಲಿ ತೂಕವಿರುವ ಹಾಗೆ, ಮುಂದೆ ಸಂಶಯ ಬಂದರೆ ಎಲ್ಲರೂ ನೋಡಬೇಕಾದದ್ದು ಆ ಒಂದು ಕೀಟವನ್ನೇ.

ಇನ್ನು ಮರಿಹುಳುವಿಗೆ ತಂದೆ ತಾಯಿಯನ್ನು ಹುಡುಕಿಕೊಡುವ ಕೆಲಸ. ಇದಕ್ಕೆ ನಿಸರ್ಗವೇ ಒಂದು ಉಪಾಯ ಒದಗಿಸಿದೆ. ಮನೆ ಕಟ್ಟುವ ಹುಳು ಕೋಶಾವಸ್ಥೆಗೆ ಹೋಗುವಾಗ ಮನೆಯ ಬಾಗಿಲು ಮುಚ್ಚಿಕೊಂಡು ಒಳಗೇ ಪೊರೆ ಕಳಚುತ್ತದೆ. ತಲೆಯ ಚಿಪ್ಪು, ಕಾಲಿನ ಚೂರು ಅಲ್ಲೇ ಒಂದು ಮೂಲೆಯಲ್ಲಿ ಉಳಿಯುತ್ತವೆ. ಹೊರಬರಲು ಸಿದ್ಧವಾದ ಕೋಶ ಸಿಕ್ಕರೆ, ಅದರೊಳಗೆ ಬಲಿತ ಗಂಡಿನ ಅಂಗಗಳೂ ಪಕ್ಕದಲ್ಲಿ ಬಾಲ್ಯದ ಅಂಗಿಯೂ ಒಟ್ಟಿಗೆ ದೊರೆಯುತ್ತವೆ. ಮನೆ, ಮರಿ, ಪ್ರೌಢಕೀಟ ಮೂರಕ್ಕೂ ಒಂದೇ ಪುರಾವೆ! ಈಗ ಡಿಎನ್‌ಎ ಹೋಲಿಸಿಯೂ ಈ ನಂಟನ್ನು ಪತ್ತೆ ಮಾಡುತ್ತಾರೆ. ಆದರೂ ದಕ್ಷಿಣ ಅಮೆರಿಕದ ಬಹುಪಾಲು ಕ್ಯಾಡಿಸ್ ಪ್ರಭೇದಗಳ ಮರಿಹುಳು ಯಾವುದೆಂದು ಇನ್ನೂ ಗೊತ್ತಾಗಿಲ್ಲ.

ತೊರೆಯ ಹಾಜರಿ ಪುಸ್ತಕ

ಇಷ್ಟೆಲ್ಲ ಶ್ರಮ ಏಕೆ? ನೀರಿನ ಆರೋಗ್ಯ ಹೇಳುವವರು ಈ ಮರಿಹುಳುಗಳೇ ಆದ್ದರಿಂದ. ಸೀಸೆಯಲ್ಲಿ ಹಿಡಿದ ನೀರು ಆ ಗಳಿಗೆಯ ಕಥೆಯನ್ನಷ್ಟೇ ಹೇಳುತ್ತದೆ. ತಿಂಗಳುಗಟ್ಟಲೆ ಅದರಲ್ಲೇ ಬಾಳಿದ ಹುಳು ಹಿಂದಿನ ದಿನಗಳ ಸಾಕ್ಷಿಯನ್ನೂ ನುಡಿಯುತ್ತದೆ. ಕೊಲಂಬಿಯಾದ ಗೇಬ್ರಿಯಲ್ ರೋಲ್ದಾನ್ 1988ರಲ್ಲಿ ಆಂತಿಯೋಕಿಯಾ ಪ್ರಾಂತದ ನೀರಿನ ಜೀವಿಗಳನ್ನು ಗುರುತಿಸಲು ಕೈಪಿಡಿಯೊಂದನ್ನು ಬರೆದರು. ಮಾಲಿನ್ಯ ತಾಳದ ಕೀಟಕುಟುಂಬಕ್ಕೆ 10 ಅಂಕ, ಕೊಳಕಿನಲ್ಲೂ ಬದುಕುವುದಕ್ಕೆ 1 ಎಂದು ಲೆಕ್ಕ ಹಾಕುವ ಬ್ರಿಟಿಷ್ ಪದ್ಧತಿಯನ್ನು ಅಲ್ಲಿಯ ಹೊಳೆಗಳಿಗೆ ಹೊಂದಿಸಿದ್ದಾರೆ. ಆದರೆ ಒಂದೇ ಕುಟುಂಬದಲ್ಲಿ ತಿಳಿನೀರನ್ನೇ ಬಯಸುವ ಪ್ರಭೇದವೂ ಇರಬಹುದು, ಕೊಳೆ ತಾಳುವುದೂ ಇರಬಹುದು. ಕುಟುಂಬದ ಹೆಸರು ತಿಳಿದರೆ ಸಾಲದು. ವ್ಯಕ್ತಿಯ ಹೆಸರೂ ಬೇಕು.

2015ರ ನವೆಂಬರ್ 5ರಂದು ಬ್ರೆಜಿಲಿನ ಮಿನಾಸ್ ಜೆರೈಸ್ ರಾಜ್ಯದಲ್ಲಿ ಕಬ್ಬಿಣದ ಗಣಿಯ ತ್ಯಾಜ್ಯ ತುಂಬಿದ್ದ ಫುಂದಾವ್ ಅಣೆಕಟ್ಟು ಒಡೆಯಿತು. 19 ಜನ ಸತ್ತರು. ಕೆಸರು ಡೋಸಿ ನದಿಗೆ ನುಗ್ಗಿ, 600 ಕಿಲೋಮೀಟರಿಗೂ ಹೆಚ್ಚು ದೂರ ಹರಿದು ಅಟ್ಲಾಂಟಿಕ್ ಸಾಗರ ಸೇರಿತು. ಅಂಥ ಹೊಳೆಯಲ್ಲಿ ಏನು ಉಳಿಯಿತು, ಏನು ಅಳಿಯಿತು ಎಂದು ಹೇಳಲು ಮೊದಲು ಯಾರಿದ್ದರು ಎಂಬುದು ಗೊತ್ತಿರಬೇಕು. ಹಾಜರಿ ಪುಸ್ತಕವೇ ಇಲ್ಲದ ಶಾಲೆಯಲ್ಲಿ ಗೈರುಹಾಜರಾದ ಮಗುವನ್ನು ಯಾರು ಕೇಳುತ್ತಾರೆ?

ಆ ಪುಸ್ತಕಕ್ಕೂ ಅಪಾಯ ತಪ್ಪಿದ್ದಲ್ಲ. 1876ರಿಂದ ಮ್ಯೂಲರನಿಗೆ ಸಂಚಾರಿ ನಿಸರ್ಗತಜ್ಞನ ಹುದ್ದೆ ಕೊಟ್ಟಿದ್ದ ರಿಯೊದ ಸಂಗ್ರಹಾಲಯ ರಾಜಧಾನಿಗೆ ಬಂದು ನೆಲೆಸಲು ಅವನು ಒಪ್ಪಲಿಲ್ಲವೆಂದು 1891ರಲ್ಲಿ ಕೆಲಸದಿಂದ ತೆಗೆಯಿತು. ತನ್ನ ತೊರೆಗಳ ಬಳಿಯೇ ಉಳಿದ ಆತ 1897ರಲ್ಲಿ ತೀರಿಕೊಂಡ. 2018ರ ಸೆಪ್ಟೆಂಬರ್ 2ರ ರಾತ್ರಿ ಅದೇ ಸಂಗ್ರಹಾಲಯಕ್ಕೆ ಬೆಂಕಿ ಬಿತ್ತು. ಸುಮಾರು 50 ಲಕ್ಷ ಮಾದರಿಗಳಿದ್ದ ಕೀಟಸಂಗ್ರಹ ಬಹುಪಾಲು ಬೂದಿಯಾಯಿತು. ಅದರಲ್ಲಿ ಮತ್ತೆಲ್ಲೂ ಇಲ್ಲದ ಮೂಲಮಾದರಿಗಳೂ ಇದ್ದವು. ಅಧ್ಯಯನಕ್ಕೆಂದು ಬೇರೆ ಊರುಗಳಿಗೆ ಎರವಲು ಹೋಗಿದ್ದವು ಬದುಕಿಕೊಂಡವು.

ಸುಟ್ಟುಹೋದ ಮೂಲಮಾದರಿಯ ಜಾಗದಲ್ಲಿ ಬೇರೊಂದು ಕೀಟವನ್ನು ಇಡಲು ಪ್ರಾಣಿನಾಮಕರಣದ ಅಂತರರಾಷ್ಟ್ರೀಯ ನಿಯಮದಲ್ಲಿ ಅವಕಾಶವಿದೆ. ಅದಕ್ಕೆ ಸಾಧ್ಯವಾದಷ್ಟು ಮಟ್ಟಿಗೆ ಮೊದಲಿನ ತೊರೆಗೇ ಹೋಗಬೇಕು, ಮತ್ತೆ ಬಿಳಿಯ ಬಟ್ಟೆ ಕಟ್ಟಿ ದೀಪ ಹಚ್ಚಬೇಕು. ಆ ಹೊತ್ತಿಗೆ ಅಲ್ಲಿ ತೊರೆ ಇರಬೇಕು. ಅದರ ಕಲ್ಲಿನಡಿಯಲ್ಲಿ ಮನೆ ಇರಬೇಕು.