ಮನೆಗೆ ಬಂದ ಅಕ್ಕಿ, ಮಗುವಿನ ಬಾಯಿಗೆ ಹೋಗುವ ತುತ್ತು

ಎರಡು ವರ್ಷ ತುಂಬಿದ ಹೆಣ್ಣುಮಗುವನ್ನು ಮಲಗಿಸಿ ಅಳೆದಾಗ 80 ಸೆಂಟಿಮೀಟರಿಗಿಂತ ಕಡಿಮೆ ಬಂದರೆ, ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದ ಪ್ರಕಾರ ಅದರ ಬೆಳವಣಿಗೆ ಕುಂಠಿತವಾಗಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ಮಂದಿ ಹೀಗೆ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು.

ಪಡಿತರದ ಅಕ್ಕಿ ಬಂದ ಮಾತ್ರಕ್ಕೆ ಊಟ ಭದ್ರವಾಗುವುದಿಲ್ಲ. ಬೇಳೆ, ಮೊಟ್ಟೆ, ಹಾಲು, ಸೊಪ್ಪಿಗೆ ಕೈಯಲ್ಲಿ ಕಾಸು ಬೇಕು. ಕೂಲಿ ತಪ್ಪಿದ ವಾರ ಮೊದಲು ಬಿಟ್ಟುಹೋಗುವುದು ಅವೇ. ಅನ್ನದಿಂದ ಹೊಟ್ಟೆಯೇನೋ ತುಂಬುತ್ತದೆ, ಮೂಳೆ ಬೆಳೆಯಲು ಬೇಕಾದ ಪ್ರೋಟೀನು, ಸತು ಸಾಲುವುದಿಲ್ಲ. ಅಂಗನವಾಡಿಯಲ್ಲಿ ಮಗುವಿಗೆಂದು ಕೊಟ್ಟ ಪೊಟ್ಟಣ ಹಸಿದ ಮನೆಯಲ್ಲಿ ಎಲ್ಲರ ಪಾಲಾಗುತ್ತದೆ. ಅದನ್ನು ತಪ್ಪೆನ್ನಲು ನನಗಂತೂ ಬಾಯಿ ಬರುವುದಿಲ್ಲ.

ಬಡತನ ಕಸಿದುಕೊಳ್ಳುವುದು ದುಡ್ಡನ್ನಷ್ಟೇ ಅಲ್ಲ, ಹೊತ್ತನ್ನೂ. ವರ್ಷದ ಮಗುವಿನ ಹೊಟ್ಟೆ ಪುಟ್ಟದು. ದಿನಕ್ಕೆ ಮೂರು ನಾಲ್ಕು ಸಲ ಗಟ್ಟಿಯಾಗಿ ಕಲಸಿದ್ದನ್ನು ತಿನ್ನಿಸಬೇಕು. ನೀರುನೀರಾದ ಗಂಜಿ ಸಾಲದು. ಮಗು ಮುಖ ತಿರುಗಿಸಿದರೆ ತುಸು ತಡೆದು, ಮಾತಾಡಿಸಿ, ಮತ್ತೆ ತುತ್ತು ಹಿಡಿಯಬೇಕು. ಆದರೆ ಕಳೆ ಕೀಳಲು ಬೆಳಿಗ್ಗೆಯೇ ಹೊರಟ ತಾಯಿ ಮಗುವನ್ನು ಎಂಟು ವರ್ಷದ ಅಕ್ಕನ ಕಂಕುಳಿಗೆ ಕೊಟ್ಟು ಹೋಗಿರುತ್ತಾಳೆ. ಮಗು ಒಲ್ಲೆ ಎಂದರೆ ಆ ಅಕ್ಕ ತಟ್ಟೆ ಎತ್ತಿಡುತ್ತಾಳೆ, ಅವಳಾದರೂ ಏನು ಮಾಡಿಯಾಳು? ಬೆಳಗಿನ ಅನ್ನ ಹಳಸಿ ಭೇದಿಯಾದರೆ ತಿಂದದ್ದೂ ಮೈಗೆ ಹತ್ತುವುದಿಲ್ಲ.

ಜಮೈಕಾದ ಕಿಂಗ್‌ಸ್ಟನ್‌ನಲ್ಲಿ 1980ರ ದಶಕದಲ್ಲಿ ಸಂಶೋಧಕಿ ಸ್ಯಾಲಿ ಗ್ರಾಂಥಮ್-ಮೆಕ್‌ಗ್ರೆಗರ್ ಮತ್ತು ಸಂಗಡಿಗರು ಆಹಾರವನ್ನೂ ಆರೈಕೆಯನ್ನೂ ಬಿಡಿಸಿ ನೋಡಿದರು. ಬೆಳವಣಿಗೆ ಕುಂಠಿತವಾದ 129 ಮಕ್ಕಳಲ್ಲಿ ಕೆಲವರಿಗೆ ವಾರಕ್ಕೊಂದು ಕಿಲೋ ಹಾಲಿನ ಪುಡಿಯ ಆಹಾರ, ಕೆಲವರ ಮನೆಗೆ ವಾರಕ್ಕೊಂದು ಗಂಟೆ ಆರೋಗ್ಯ ಕಾರ್ಯಕರ್ತೆ, ಕೆಲವರಿಗೆ ಎರಡೂ, ಉಳಿದವರಿಗೆ ಎರಡೂ ಇಲ್ಲ. ಕಾರ್ಯಕರ್ತೆ ತಾಯಿಯ ಜೊತೆ ಕೂತು, ಮನೆಯಲ್ಲೇ ಮಾಡಬಹುದಾದ ಆಟಿಕೆಗಳಿಂದ ಮಗುವನ್ನು ಆಡಿಸಿ, ಮಾತಾಡಿಸಿ ತೋರಿಸುತ್ತಿದ್ದಳು. ಎರಡು ವರ್ಷ ಕಳೆಯುವಷ್ಟರಲ್ಲಿ ಆಹಾರ, ಆಟ ಎರಡೂ ಸಿಕ್ಕ ಮಕ್ಕಳ ಬುದ್ಧಿ ಸರಿಯಾಗಿ ಬೆಳೆದ ಮಕ್ಕಳ ಹತ್ತಿರಕ್ಕೆ ಬಂದಿತ್ತು. ಆಟದಿಂದ ಎತ್ತರ ಹೆಚ್ಚಲಿಲ್ಲ, ನಿಜ. ಆದರೆ ಸುಮಾರು 20 ವರ್ಷಗಳ ನಂತರ ಹುಡುಕಿ ನೋಡಿದಾಗ, ಆ ವಾರದ ಗಂಟೆ ಸಿಕ್ಕವರ ಗಳಿಕೆ ಸಿಗದವರದ್ದಕ್ಕಿಂತ ಶೇ. 25ರಷ್ಟು ಹೆಚ್ಚಿತ್ತು.

ಹಾಗಾಗಿ ತಾಯಂದಿರಿಗೆ ಬುದ್ಧಿ ಹೇಳುವ ಶಿಬಿರಗಳಷ್ಟೇ ಸಾಲವು. ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಪುಟ್ಟ ಮಕ್ಕಳಿಗಾಗಿ ಕರ್ನಾಟಕ 2023ರಲ್ಲಿ ಘೋಷಿಸಿದ ಶಿಶುಪಾಲನಾ ಕೇಂದ್ರಗಳ ‘ಕೂಸಿನ ಮನೆ’ ಸರಿಯಾದ ಜಾಗಕ್ಕೆ ಕೈ ಹಾಕಿದ ಯೋಜನೆ. ಅಲ್ಲಿ ಬಿಸಿ ಊಟ ಸಿಗುತ್ತಿದೆಯೇ ಎಂಬುದರ ಜೊತೆಗೆ, ಒಂದೊಂದು ಮಗುವಿನ ಎದುರೂ ಕೂತು ತಿನ್ನಿಸಲು ಸಾಕಷ್ಟು ಜನರಿದ್ದಾರೆಯೇ ಎಂಬುದನ್ನೂ ಪಂಚಾಯಿತಿಯವರು ನೋಡಬೇಕು.